ಮೂಗು ಹಿಡಿದುಕೊಂಡು ವೈನ್ ಕುಡಿದರೆ

ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡು ಒಂದು ಗುಟುಕು ಕೆಂಪು ವೈನ್ ಬಾಯಿಗೆ ಹಾಕಿಕೊಳ್ಳಿ. ಹುಳಿ ಗೊತ್ತಾಗುತ್ತದೆ. ಚೂರು ಕಹಿ, ಚೂರು ಒಗರು. ಅಷ್ಟೇ. ಈಗ ನುಂಗಿ ಮೂಗು ಬಿಡಿ. ಉಸಿರು ಹೊರಗೆ ಬರುತ್ತಿದ್ದ ಹಾಗೇ ಹಣ್ಣು, ಮರ, ಮಸಾಲೆ ಎಲ್ಲಾ ಒಟ್ಟಿಗೇ ಬಂದುಬಿಡುತ್ತವೆ. ಬಾಯಿಯ ಹಿಂದಿನಿಂದ ಮೂಗಿಗೆ ಒಂದು ದಾರಿ ಇದೆಯಲ್ಲ, ಪರಿಮಳ ಹತ್ತುವುದು ಅಲ್ಲಿಂದಲೇ. ವೈನಿನ ರುಚಿ ಅಂತ ನಾವು ಹೇಳುವುದರಲ್ಲಿ ದೊಡ್ಡ ಪಾಲು ಈ ವಾಸನೆಯದು.

ಒಗರಂತೂ ಮುಟ್ಟಿದಾಗ ಆಗುವಂಥ ಅನುಭವ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಬಾಯಿಯ ನುಣುಪು ಹೋಗಿ ಒಳಗೆಲ್ಲಾ ತರಿತರಿ ಅನ್ನಿಸುತ್ತದೆ. ವರ್ಷಗಟ್ಟಲೆ ಬಾಟಲಿಯಲ್ಲಿ ಕೂತ ಒಳ್ಳೆಯ ಕೆಂಪು ವೈನಿನಲ್ಲಿ ಈ ಒಗರು ಮೆತ್ತಗಾಗುತ್ತದೆ, ಬಣ್ಣ ನೇರಳೆಯಿಂದ ಇಟ್ಟಿಗೆಯ ಕಡೆಗೆ ತಿರುಗುತ್ತದೆ. ಬಿಳಿ ವೈನಿನಲ್ಲಿ ವಯಸ್ಸಾದಷ್ಟೂ ಬಣ್ಣ ಗಾಢ. ಅದಕ್ಕೇ ಪಳಗಿದವರು ಮೊದಲು ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದು ಅಂಚಿನ ಬಣ್ಣ ನೋಡುತ್ತಾರೆ.

ಆದರೆ ಆ ಕಣ್ಣೇ ಮೂಗಿನ ದಾರಿ ತಪ್ಪಿಸುತ್ತದೆ. ಫ್ರಾನ್ಸಿನ ಬೋರ್ಡೋದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳ ಮುಂದೆ ಎರಡು ಗ್ಲಾಸ್ ಇಟ್ಟರು. ಎರಡರಲ್ಲೂ ಇದ್ದದ್ದು ಒಂದೇ ಬಿಳಿ ವೈನ್. ಒಂದಕ್ಕೆ ಮಾತ್ರ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ್ದರು. ಆ ಗ್ಲಾಸಿನ ವಾಸನೆ ಬರೆಯುವಾಗ ವಿದ್ಯಾರ್ಥಿಗಳು ಹೆಚ್ಚಾಗಿ ಕೆಂಪು ವೈನಿಗೆ ಬಳಸುವ ಪದಗಳನ್ನೇ ಬಳಸಿದರು. ಅವರು ದಡ್ಡರಾಗಿರಲಿಲ್ಲ. ಮಿದುಳು ಕೆಲಸ ಮಾಡುವುದೇ ಹಾಗೆ. ಕಣ್ಣು ಕಂಡದ್ದಕ್ಕೆ ಹೊಂದುವ ನೆನಪುಗಳನ್ನು ಹುಡುಕಿ ತಂದು ಮೂಗಿನ ಮುಂದೆ ಇಡುತ್ತದೆ.

ಲೇಬಲ್ಲಿನ ಪ್ರಭಾವವೂ ಕಡಿಮೆಯೇನಲ್ಲ. 1976ರ ಮೇ 24ರಂದು ಪ್ಯಾರಿಸಿನಲ್ಲಿ ಫ್ರೆಂಚ್ ತಜ್ಞರು ಹೆಸರು ಮುಚ್ಚಿಟ್ಟ ಫ್ರಾನ್ಸ್, ಕ್ಯಾಲಿಫೋರ್ನಿಯಾ ವೈನುಗಳಿಗೆ ಅಂಕ ಕೊಟ್ಟರು. ಕೆಂಪು, ಬಿಳಿ ಎರಡರಲ್ಲೂ ಮೊದಲ ಸ್ಥಾನ ಕ್ಯಾಲಿಫೋರ್ನಿಯಾಕ್ಕೆ ಹೋಯಿತು. ಹೆಸರು ಕಾಣುತ್ತಿದ್ದರೆ ಹೀಗಾಗುತ್ತಿತ್ತಾ? ನನಗಂತೂ ನಂಬಿಕೆಯಿಲ್ಲ. ವೈನನ್ನು ನ್ಯಾಯವಾಗಿ ತೂಗಬೇಕಾದರೆ ಬಾಟಲಿಗೆ ಬಟ್ಟೆ ಸುತ್ತಲೇಬೇಕು.

ಅಷ್ಟು ಮಾಡಿದರೂ ಸಾಲದು. ಕ್ಯಾಲಿಫೋರ್ನಿಯಾದ ಒಂದು ದೊಡ್ಡ ಸ್ಪರ್ಧೆಯಲ್ಲಿ ಒಂದೇ ಬಾಟಲಿಯ ವೈನನ್ನು ಒಬ್ಬೊಬ್ಬ ತೀರ್ಪುಗಾರರಿಗೂ ಮೂರು ಸಲ ಗುಟ್ಟಾಗಿ ಕೊಟ್ಟು ನೋಡಿದ ವೈನ್ ತಯಾರಕ ರಾಬರ್ಟ್ ಹಾಡ್ಜ್‌ಸನ್ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ಸಲವೂ ಹೆಚ್ಚುಕಡಿಮೆ ಅದೇ ಅಂಕ ಕೊಟ್ಟವರು ನೂರಕ್ಕೆ ಹತ್ತು ಜನ ಮಾತ್ರ.

ಹಾಗಂತ ಲೇಬಲ್ಲಿನಲ್ಲಿ ಬರೆಯುವ ದ್ರಾಕ್ಷಿಯ ಊರು, ಕೊಯ್ಲಿನ ವರ್ಷ ಎಲ್ಲಾ ಬರೀ ಕಲ್ಪನೆಯಲ್ಲ. ಬಿಸಿಲು ಜಾಸ್ತಿಯಾದರೆ ದ್ರಾಕ್ಷಿ ತನ್ನ ಉಸಿರಾಟಕ್ಕೆ ಮ್ಯಾಲಿಕ್ ಆಮ್ಲವನ್ನು ಬೇಗಬೇಗ ಖರ್ಚು ಮಾಡುತ್ತದೆ. ಹಸಿರು ಸೇಬಿಗೆ ಹುಳಿ ಕೊಡುವ ಆಮ್ಲವೇ ಇದು. ಜೊತೆಗೆ ಸಕ್ಕರೆ ಏರುತ್ತದೆ, ಯೀಸ್ಟ್ ಅದನ್ನು ಆಲ್ಕೋಹಾಲ್ ಮಾಡುತ್ತದೆ. ಸೆಖೆಯ ವರ್ಷದ ವೈನಿನಲ್ಲಿ ಹುಳಿ ಕಡಿಮೆ, ಗಂಟಲಿಗೆ ಬಿಸಿ ಜಾಸ್ತಿ. ಫ್ರಾನ್ಸಿನ ಬರ್ಗಂಡಿ ಪ್ರದೇಶದ ಬೋನ್ ಪಟ್ಟಣದಲ್ಲಿ 1354ರಿಂದ ಕೊಯ್ಲಿನ ದಿನಾಂಕಗಳು ಸಿಗುತ್ತವೆ. 1988ರಿಂದೀಚೆಗೆ ಅಲ್ಲಿ ಕೊಯ್ಲು ಮೊದಲಿಗಿಂತ ಸರಾಸರಿ 13 ದಿನ ಮುಂಚೆಯೇ ಆಗುತ್ತಿದೆ. ಬದಲಾಗುತ್ತಿರುವ ಹವೆ ಗ್ಲಾಸಿನೊಳಕ್ಕೂ ಬಂದಿದೆ.

ನನಗೆ ತುಂಬಾ ಇಷ್ಟವಾದದ್ದು ಕಾಳುಮೆಣಸಿನ ಕಥೆ. ಶಿರಾಜ್ ದ್ರಾಕ್ಷಿಯ ವೈನಿನಲ್ಲಿ ಆಗಾಗ ಕಾಳುಮೆಣಸಿನ ಘಮ ಬರುತ್ತದೆ. ಸುಮ್ನೆ ಬಣ್ಣಿಸಲು ಹೇಳುವ ಮಾತಲ್ಲ ಅದು. ರೋಟಂಡೋನ್ ಅನ್ನುವ ಅದೇ ಅಣು ಕಾಳುಮೆಣಸಿನಲ್ಲೂ ಇದೆ, ವೈನಿನಲ್ಲೂ ಇದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು ಇದನ್ನು 2008ರಲ್ಲಿ ಪ್ರಕಟಿಸಿದರು. ತಂಪು ಜಾಗ, ತಂಪು ವರ್ಷಗಳಲ್ಲಿ ಇದು ಹೆಚ್ಚಾಗಿ ಕೂಡಿಕೊಳ್ಳುತ್ತದೆ. ಅಂದರೆ ಬೆಟ್ಟದ ಗಾಳಿ, ಆ ವರ್ಷದ ಚಳಿ ಎರಡನ್ನೂ ಮೂಗಿನಿಂದಲೇ ಓದಬಹುದು, ಅಲ್ವಾ? ಆದರೆ ಆ ವಿಜ್ಞಾನಿಗಳ ಪರೀಕ್ಷೆಯಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ರೋಟಂಡೋನ್ ಎಷ್ಟು ಹಾಕಿದರೂ ವಾಸನೆಯೇ ಬರಲಿಲ್ಲ. ಒಂದೇ ಮೇಜಿಗೆ ಕೂತ ಇಬ್ಬರಲ್ಲಿ ಒಬ್ಬರು 'ಏನು ಮೆಣಸಿನ ಘಮ!' ಅಂದಾಗ ಇನ್ನೊಬ್ಬರು 'ಎಲ್ಲಿ?' ಅಂತ ಕೇಳಿದರೆ, ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು.