ಕಚೇರಿ ಮುಚ್ಚಿದ ಮೇಲೆ ಐಪಿ ಫೋನ್ ಮಲಗಿಸುವುದು: ಪಿಒಇ ಕಲಿಯುವವರಿಗೆ ಟಿಪ್ಪಣಿ

ಐಪಿ ಫೋನ್‌ಗೆ ಕರೆಂಟ್ ಎಲ್ಲಿಂದ ಬರುತ್ತದೆ ಅಂತ ಕೇಳಿದರೆ ನಾವೆಲ್ಲ ಥಟ್ಟನೆ ಪಿಒಇ (ಪವರ್ ಓವರ್ ಈಥರ್ನೆಟ್) ಅನ್ನುತ್ತೇವೆ, ಅಂದರೆ ನೆಟ್‌ವರ್ಕ್ ಕೇಬಲ್‌ನಲ್ಲೇ ಡೇಟಾ ಜೊತೆ ಕರೆಂಟನ್ನೂ ಕಳಿಸುವುದು. ಸಂಜೆ ಆರಕ್ಕೆ ಬೀಗ ಹಾಕಿ ಎಲ್ಲರೂ ಹೊರಟ ಮೇಲೆ ಆ ಕರೆಂಟ್ ಏನಾಗುತ್ತದೆ ಅಂದರೆ ಸ್ವಲ್ಪ ತಡವರಿಸುತ್ತೇವೆ. ಏನೂ ಆಗುವುದಿಲ್ಲ, ಹರಿಯುತ್ತಲೇ ಇರುತ್ತದೆ. ಹೋಗುವಾಗ ಲೈಟು, ಫ್ಯಾನು, ಎಸಿ ಎಲ್ಲ ಆರಿಸುತ್ತಾರೆ. ಫೋನ್‌ಗೆ ಆನ್-ಆಫ್ ಗುಂಡಿಯೇ ಇಲ್ಲ, ಹಾಗಾಗಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊದಲು ಲೆಕ್ಕ ನೋಡೋಣ. ಕೋಲಾರದ ಪಕ್ಕ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಚೇರಿ ಇದೆ ಅಂದುಕೊಳ್ಳಿ. 40 ಫೋನ್, ಬೆಳಿಗ್ಗೆ 9ರಿಂದ ಸಂಜೆ 6, ಭಾನುವಾರ ರಜೆ. ವಾರಕ್ಕೆ 168 ಗಂಟೆ, ಅದರಲ್ಲಿ ಕೆಲಸದ್ದು 54 ಮಾತ್ರ. ಉಳಿದ 114 ಗಂಟೆ ಫೋನ್ ಸುಮ್ನೆ ಟೈಮ್ ತೋರಿಸಿಕೊಂಡು ಕೂತಿರುತ್ತದೆ. ಒಂದು ಫೋನ್ 5 ವಾಟ್ ಎಳೆಯುತ್ತದೆ ಅಂತ ಇಟ್ಟುಕೊಂಡರೆ ವಾರಕ್ಕೆ 570 ವಾಟ್-ಅವರ್, ವರ್ಷಕ್ಕೆ ಸುಮಾರು 29.6 ಯೂನಿಟ್, 40 ಫೋನ್‌ಗೆ ಹತ್ತಿರ ಹತ್ತಿರ 1,185 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಅಂತ ಲೆಕ್ಕಕ್ಕೆ ಹಿಡಿದರೆ ಒಂಬತ್ತೂವರೆ ಸಾವಿರ. ನಿಮ್ಮ ಬೆಸ್ಕಾಂ ಬಿಲ್ಲಿನಲ್ಲಿರುವ ದರ ಹಾಕಿ ನೀವೇ ಮಾಡಿಕೊಳ್ಳಿ.

ದೊಡ್ಡ ಮೊತ್ತ ಏನಲ್ಲ. ಹಾಗೆ ನೋಡಿದರೆ ಒಂದು ಎಸಿ ಆರಿಸುವುದನ್ನು ಮರೆತರೆ ಇದೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಆದರೆ ನಮ್ಮ ಕಡೆ ಇದರ ನಿಜವಾದ ಲಾಭ ಬಿಲ್ಲಿನಲ್ಲಿಲ್ಲ, ಬ್ಯಾಟರಿಯಲ್ಲಿದೆ. ರ‍್ಯಾಕ್ ಒಳಗಿನ ನೆಟ್‌ವರ್ಕ್ ಸ್ವಿಚ್ಚೇ ಫೋನ್‌ಗಳಿಗೆ ಕರೆಂಟ್ ಕೊಡುವುದು, ಅದು ಯುಪಿಎಸ್ ಮೇಲೆ ನಡೆಯುತ್ತಿರುತ್ತದೆ ಅಲ್ವಾ. ರಾತ್ರಿ ಕರೆಂಟ್ ಹೋದಾಗ ಈ 40 ಫೋನ್ ಸೇರಿ 200 ವಾಟ್ ಹೀರುತ್ತಿರುತ್ತವೆ. ಆರು ಗಂಟೆಗೆ 1,200 ವಾಟ್-ಅವರ್. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಲೇಬಲ್ ಮೇಲೆ ಬರೆದಿರುವ ಲೆಕ್ಕದಲ್ಲೇ ಇರುವುದು 1,800. ಅಂದರೆ ಯಾರೂ ಮುಟ್ಟದ ಫೋನ್‌ಗಳು ಒಂದು ಬ್ಯಾಟರಿಯ ಮೂರನೇ ಎರಡು ಭಾಗ ತಿಂದು ಮುಗಿಸುತ್ತವೆ, ಸರ್ವರ್ ಮತ್ತು ಸಿಸಿಟಿವಿಗೆ ಇರಬೇಕಾದದ್ದು ಅದು. ಮ್ಯಾನೇಜರ್‌ಗೆ ಒಪ್ಪಿಸಬೇಕಾದರೆ ರೂಪಾಯಿ ಲೆಕ್ಕಕ್ಕಿಂತ ಈ ಲೆಕ್ಕ ಹೇಳಿ, ಬೇಗ ಕೆಲಸ ಆಗುತ್ತದೆ.

5 ವಾಟ್ ಅಂತ ನಾನು ಹಿಡಿದದ್ದು ಉದಾಹರಣೆಗೆ. ನಿಮ್ಮ ಫೋನ್ ಎಷ್ಟು ಎಳೆಯುತ್ತದೆ ಅಂತ ನೋಡುವಾಗ ಕಲಿಯುವವರು ಜಾಸ್ತಿ ಎಡವುವುದು ಕ್ಲಾಸ್ ನಂಬರಿನಲ್ಲಿ, ಅಂದರೆ ಹೆಚ್ಚೆಂದರೆ ಎಷ್ಟು ಪವರ್ ಬೇಕಾಗಬಹುದು ಅಂತ ಫೋನ್ ಸ್ವಿಚ್‌ಗೆ ತಿಳಿಸುವ ಸಂಖ್ಯೆಯಲ್ಲಿ. 2003ರ 802.3ಎಎಫ್ ಅನ್ನುವ ಪಿಒಇ ಮಾನದಂಡದ ಪ್ರಕಾರ ಕ್ಲಾಸ್ 1 ಫೋನ್‌ಗೆ ಸ್ವಿಚ್ಚಿನ ಪೋರ್ಟ್ (ಕೇಬಲ್ ಸಿಕ್ಕಿಸುವ ಕಿಂಡಿ) 4 ವಾಟ್ ಎತ್ತಿಡುತ್ತದೆ, ಕ್ಲಾಸ್ 2ಕ್ಕೆ 7, ಕ್ಲಾಸ್ 3ಕ್ಕೆ 15.4. 2009ರ 802.3ಎಟಿಯಲ್ಲಿ ಕ್ಲಾಸ್ 4 ಬಂತು, ಅದು 30 ವಾಟ್. ಇವೆಲ್ಲ ಗರಿಷ್ಠ ಮಿತಿ, ಸ್ವಿಚ್ ತನ್ನ ಬಜೆಟ್‌ನಲ್ಲಿ ಮೀಸಲಿಡುವುದು ಇಷ್ಟು. ಬಳಕೆ ಬೇರೆ. ಕ್ಲಾಸ್ 3 ಫೋನ್ ಸುಮ್ಮನಿದ್ದಾಗ ಇದರ ಮೂರನೇ ಒಂದು ಭಾಗವೂ ಎಳೆಯದೇ ಇರಬಹುದು. 40 ಫೋನ್ ಗುಣಿಸು 15.4 ಅಂತ ಹಾಕಿ, ವರ್ಷಕ್ಕೆ ಇಷ್ಟು ಸಾವಿರ ಉಳಿತಾಯ ಅಂತ ವರದಿ ಬರೆದರೆ ಮುಂದಿನ ಬಿಲ್ ಬಂದ ದಿನ ನಗೆಪಾಟಲಾಗುತ್ತದೆ. ಸಿಸ್ಕೋ ಸ್ವಿಚ್ ಆದರೆ 'ಶೋ ಪವರ್ ಇನ್‌ಲೈನ್' ಕಮಾಂಡ್ ಕೊಡಿ. ಅಲ್ಲಿ ಕಾಣುವುದು ಮುಖ್ಯವಾಗಿ ಹಂಚಿಕೆ. ಅದೇ ಕಮಾಂಡಿನಲ್ಲಿ ಒಂದು ಪೋರ್ಟ್ ಹೆಸರಿಸಿ ವಿವರ ಕೇಳಿದರೆ, ಅಳೆಯುವ ಸೌಲಭ್ಯ ಇರುವ ಮಾಡೆಲ್‌ಗಳು ಆ ಪೋರ್ಟಿನಲ್ಲಿ ಅಳೆದ ವಾಟ್ ತೋರಿಸುತ್ತವೆ. ಲೆಕ್ಕಕ್ಕೆ ಬೇಕಾದದ್ದು ಅದು.

ಇಲ್ಲೇ ಒಂದು ಸಣ್ಣ ಅಡ್ಡದಾರಿ ಹಿಡಿಯುತ್ತೇನೆ. ಪೋರ್ಟ್ ಕೊಡುವುದು 15.4 ವಾಟ್, ಫೋನ್‌ಗೆ ಗ್ಯಾರಂಟಿಯಾಗಿ ಮುಟ್ಟುವುದು 12.95. ಮಧ್ಯದ 2.45 ವಾಟ್ ಎಲ್ಲಿ ಹೋಯಿತು? ಕೇಬಲ್‌ನಲ್ಲಿ ಬಿಸಿಯಾಗಿ ಹೋಯಿತು. 100 ಮೀಟರ್ ಕೇಬಲ್‌ಗೆ ಹೋಗಿ ಬರುವ ದಾರಿ ಸೇರಿ 20 ಓಮ್ ಅಂತ ಮಾನದಂಡ ಹಿಡಿಯುತ್ತದೆ, ಕರೆಂಟ್ 0.35 ಆಂಪಿಯರ್. 0.35ರ ವರ್ಗ ಗುಣಿಸು 20, ಸರಿಯಾಗಿ 2.45. ಅದಕ್ಕೇ ಪಿಒಇಯಲ್ಲಿ 48 ವೋಲ್ಟ್ ಆಸುಪಾಸು ಬಳಸುತ್ತಾರೆ. ಅದೇ ಕೇಬಲ್‌ನಲ್ಲಿ 5 ವೋಲ್ಟಿನಲ್ಲಿ 5 ವಾಟ್ ಕಳಿಸಲು ಹೋದರೆ 1 ಆಂಪಿಯರ್ ಬೇಕು, 20 ಓಮ್‌ನಲ್ಲಿ 20 ವೋಲ್ಟ್ ಬಿದ್ದುಹೋಗಬೇಕು, ಇರುವುದೇ ಐದು! 1902ರಲ್ಲಿ ಶಿವನಸಮುದ್ರದಿಂದ ನಮ್ಮ ಕೆಜಿಎಫ್ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ತಂದಾಗಲೂ ವೋಲ್ಟೇಜ್ ಸಾವಿರಾರಕ್ಕೆ ಏರಿಸಿಯೇ ತಂದದ್ದು, ಕಾರಣ ಇದೇ ಸೂತ್ರ. ಫೋನ್ 5 ವಾಟ್ ಎಳೆಯುವಾಗ ಕರೆಂಟ್ 0.1 ಆಂಪಿಯರ್ ಚಿಲ್ಲರೆ, ಆಗ ಉದ್ದದ ಕೇಬಲ್‌ನಲ್ಲೂ ನಷ್ಟ 0.2 ವಾಟ್ ಅಷ್ಟೇ. ಹಾಗಾಗಿ ಕೇಬಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸ್ವಿಚ್ಚಿನ ಪವರ್ ಸಪ್ಲೈ ಮತ್ತು ಯುಪಿಎಸ್‌ನಲ್ಲಿ ಆಗುವ ನಷ್ಟ ಅದಕ್ಕಿಂತ ಜಾಸ್ತಿ. ಫೋನ್‌ನಲ್ಲಿ ಒಂದು ವಾಟ್ ಉಳಿಸಿದರೆ ಮೀಟರ್‌ನಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚೇ ಉಳಿಯುತ್ತದೆ.

ಈಗ ಮಲಗಿಸುವ ವಿಷಯ. ಮೂರು ಆಳದಲ್ಲಿ ಮಲಗಿಸಬಹುದು.

ಮೊದಲನೆಯದು ಪರದೆಯ ಹಿಂದಿನ ಬೆಳಕು ಆರಿಸುವುದು. ಫೋನ್ ಎಚ್ಚರವಾಗಿಯೇ ಇರುತ್ತದೆ, ಕರೆಗಳನ್ನು ನಡೆಸುವ ಸರ್ವರ್‌ನಲ್ಲಿ ನೋಂದಣಿ ಇರುತ್ತದೆ, ಕರೆ ಬಂದರೆ ಬೆಳಕು ಹತ್ತಿ ರಿಂಗ್ ಆಗುತ್ತದೆ. ಅಪಾಯ ಏನೂ ಇಲ್ಲ, ಉಳಿತಾಯವೂ ಕಮ್ಮಿ, ಪರದೆ ದೊಡ್ಡದಾದಷ್ಟೂ ಸ್ವಲ್ಪ ಜಾಸ್ತಿ. ಯೀಲಿಂಕ್, ಪಾಲಿಕಾಮ್ ಫೋನ್‌ಗಳ ಪವರ್ ಸೇವಿಂಗ್ ಪುಟದಲ್ಲಿ ದಿನವಾರು ಕಚೇರಿ ವೇಳೆ ಹಾಕಿ, ಆ ವೇಳೆಯ ಹೊರಗೆ ಎಷ್ಟು ನಿಮಿಷ ಸುಮ್ಮನಿದ್ದರೆ ಬೆಳಕು ಆರಬೇಕು ಅಂತ ಕೊಡಬಹುದು. ಸಿಸ್ಕೋ ಫೋನ್‌ಗಳನ್ನು ನಿಭಾಯಿಸುವ ಸರ್ವರ್ ಆದ ಕಾಲ್ ಮ್ಯಾನೇಜರ್‌ನಲ್ಲಿ ಒಂದು ತಿರುವು ಇದೆ. ಅಲ್ಲಿ 'ಡಿಸ್‌ಪ್ಲೇ ಆನ್ ಟೈಮ್' ಆದ ಮೇಲೆ ಕೇಳುವುದು ಆಫ್ ಟೈಮ್ ಅಲ್ಲ, 'ಡಿಸ್‌ಪ್ಲೇ ಆನ್ ಡ್ಯುರೇಷನ್', ಅಂದರೆ ಎಷ್ಟು ಹೊತ್ತು ಅಂತ. 9ರಿಂದ 6ಕ್ಕೆ 09:00 ಅಂತಲೇ ಬರೆಯಬೇಕು. ಸಂಜೆ ಆರು ಅಂತ 18:00 ಹಾಕಿದರೆ ಪರದೆ ನಡುರಾತ್ರಿ ದಾಟಿ 3 ಗಂಟೆವರೆಗೆ ಉರಿಯುತ್ತದೆ. 'ಡೇಸ್ ಡಿಸ್‌ಪ್ಲೇ ನಾಟ್ ಆ್ಯಕ್ಟಿವ್' ಅನ್ನುವ ಕಡೆ ಶನಿವಾರ ಸೇರಿದೆಯಾ ನೋಡಿ, ನಮ್ಮಲ್ಲಿ ತುಂಬಾ ಕಡೆ ಶನಿವಾರ ಕೆಲಸ ಇರುತ್ತದೆ.

ಎರಡನೆಯದು ಫೋನೇ ಸ್ವಿಚ್ ಜೊತೆ ಮಾತಾಡಿಕೊಂಡು ಆಳವಾಗಿ ಮಲಗುವುದು. ಸಿಸ್ಕೋದಲ್ಲಿ ಇದಕ್ಕೆ 'ಪವರ್ ಸೇವ್ ಪ್ಲಸ್' ಅನ್ನುತ್ತಾರೆ, ಸ್ವಿಚ್‌ನಲ್ಲಿ ಎನರ್ಜಿವೈಸ್ ಅನ್ನುವ ಸಿಸ್ಕೋದ ವಿದ್ಯುತ್ ಉಳಿತಾಯ ಸೌಲಭ್ಯ ಇರಬೇಕು. ಇಲ್ಲಿ ಆನ್ ಟೈಮ್, ಆಫ್ ಟೈಮ್ ಎರಡೂ ಇವೆ. ಆಫ್ ಟೈಮ್ ಬಂದಾಗ ಯಾರಾದರೂ ಫೋನ್ ಬಳಸುತ್ತಿದ್ದರೆ, ಅವರು ಬಿಟ್ಟು ಇಷ್ಟು ನಿಮಿಷ ಆದ ಮೇಲೆ ಮಲಗು ಅಂತಲೂ ಹೇಳಬಹುದು. ಬೇಕಾದರೆ ಮಲಗುವ 10 ನಿಮಿಷ ಮೊದಲಿಂದ ಎಚ್ಚರಿಕೆಯ ಸದ್ದು ಮಾಡುತ್ತದೆ. ಇದಕ್ಕೆ ಹೊಂದುವ ಮಾಡೆಲ್‌ಗಳಲ್ಲಿ ಸೆಲೆಕ್ಟ್ ಗುಂಡಿಯ ದೀಪ ಉರಿಯುತ್ತಿರುತ್ತದೆ, ಒತ್ತಿದರೆ ಫೋನ್ ಏಳುತ್ತದೆ. ಎದ್ದು ಕೂರಲು ಸಮಯ ಬೇಕು ಅಷ್ಟೇ.

ಫೋನ್ ಸ್ವಿಚ್‌ಗೆ ಹೇಳದೇ ತಾನೇ ಪೂರ್ತಿ ಸೊನ್ನೆಗೆ ಯಾಕೆ ಹೋಗಬಾರದು ಅಂತ ಕೇಳುವವರಿಗೆ: ಪಿಒಇ ಪೋರ್ಟ್ ಸದಾ ಕಾಯುತ್ತಿರುತ್ತದೆ. ಆಚೆ ಕಡೆ ಕನಿಷ್ಠ 10 ಮಿಲಿ ಆಂಪಿಯರ್ ಆಗಾಗ ಎಳೆಯುತ್ತಿರಬೇಕು. ಅರ್ಧ ಸೆಕೆಂಡಿಗಿಂತ ಕಮ್ಮಿ ಹೊತ್ತು ಅದು ನಿಂತರೂ ಕೇಬಲ್ ಕಿತ್ತರು ಅಂದುಕೊಂಡು ಪೋರ್ಟ್ ಪವರ್ ತೆಗೆಯುತ್ತದೆ. ಒಳ್ಳೆಯದೇ ಆಯಿತಲ್ಲ ಅನ್ನಬೇಡಿ, ಮರುಕ್ಷಣವೇ ಪೋರ್ಟ್ ಮತ್ತೆ ಹುಡುಕಲು ಶುರು ಮಾಡುತ್ತದೆ. ಆ ಕಡೆ ಪಿಒಇ ಸಾಧನದ ಗುರುತಾದ 25 ಕಿಲೋ ಓಮ್ ರೆಸಿಸ್ಟರ್ ಸಿಕ್ಕರೆ ಪವರ್ ಕೊಟ್ಟು ಫೋನನ್ನು ಎಬ್ಬಿಸುತ್ತದೆ. ರಾತ್ರಿಯಿಡೀ ಮಲಗು, ಏಳು, ಮಲಗು, ಏಳು.

ಮೂರನೆಯದು ಸ್ವಿಚ್ಚಿನಲ್ಲೇ ಆ ಪೋರ್ಟಿನ ಪವರ್ ತೆಗೆಯುವುದು. ಸಿಸ್ಕೋದಲ್ಲಿ 'ಪವರ್ ಇನ್‌ಲೈನ್ ನೆವರ್', ಮತ್ತೆ ಬೇಕಾದಾಗ 'ಪವರ್ ಇನ್‌ಲೈನ್ ಆಟೋ'. ಬೇರೆ ಎಷ್ಟೋ ಸ್ವಿಚ್‌ಗಳ ವೆಬ್ ಪುಟದಲ್ಲೇ ಪಿಒಇ ವೇಳಾಪಟ್ಟಿ ಸಿಗುತ್ತದೆ. ಇದರಲ್ಲಿ ಉಳಿತಾಯ ಪೂರ್ತಿ, ಯಾವ ಕಂಪನಿಯ ಫೋನ್ ಆದರೂ ನಡೆಯುತ್ತದೆ. ಆದರೆ ಫೋನಿನ ಯಾವ ಗುಂಡಿ ಒತ್ತಿದರೂ ಅದು ಏಳುವುದಿಲ್ಲ.

ಇದಕ್ಕೇ ನಾನು ಹೇಳುವುದು, ವಾಟ್ ಎಷ್ಟು ಅನ್ನುವುದು ಎರಡನೇ ಪ್ರಶ್ನೆ, ರಾತ್ರಿ ಯಾವ ಫೋನ್ ಬೇಕು ಅನ್ನುವುದು ಮೊದಲನೆಯದು. ಗೇಟಿನ ಸೆಕ್ಯುರಿಟಿ ರೂಮು, ಸರ್ವರ್ ರೂಮು, ಲಿಫ್ಟ್ ಪಕ್ಕದ್ದು, ಮಹಡಿಗೆ ಒಂದರಂತೆ ಕಾರಿಡಾರಿನದ್ದು, ಇವುಗಳಿಗೆ ಬರೀ ಬೆಳಕು ಆರಿಸಿ, ಅದಕ್ಕಿಂತ ಆಳಕ್ಕೆ ಇಳಿಸಲೇಬೇಡಿ. ರಾತ್ರಿ ಒಬ್ಬರೇ ಕೂತು ಕೆಲಸ ಮಾಡುವವರಿಗೆ ಏನಾದರೂ ಆದರೆ ಎದುರಿಗಿರುವ ಫೋನ್ ಎತ್ತಿ 112 ಒತ್ತುತ್ತಾರೆ. ಅದು ಸತ್ತಿರಬಾರದು. ಇನ್ನು ಕೆಲಸದ ಹೊತ್ತು ಅಂದರೆ ಎಲ್ಲ ಕಡೆ 9ರಿಂದ 6 ಅಂತಲೂ ಅಲ್ಲ. ಎಪಿಎಂಸಿಯಲ್ಲಿ ಟೊಮೆಟೊ ಸೀಸನ್ ಇದ್ದಾಗ ಮಂಡಿಯವರನ್ನು ಕೇಳಿ ನೋಡಿ, ನಮ್ಮ ವೇಳಾಪಟ್ಟಿ ಹಾಕಿದರೆ ಬೈಸಿಕೊಳ್ಳುತ್ತೀರಿ.

ಪೋರ್ಟ್ ಪವರ್ ತೆಗೆಯುವ ಮೊದಲು ಟೇಬಲ್ ಕೆಳಗೆ ಬಗ್ಗಿ ಕೇಬಲ್ ನೋಡಿ. ಗೋಡೆಯಿಂದ ಕೇಬಲ್ ಫೋನ್‌ಗೆ ಬಂದು, ಫೋನಿನ ಹಿಂದಿನ ಇನ್ನೊಂದು ತೂತಿನಿಂದ ಪಿಸಿಗೆ ಹೋಗಿರುತ್ತದೆ. ಫೋನ್ ಒಳಗೆ ಒಂದು ಪುಟ್ಟ ಸ್ವಿಚ್ ಇದೆ, ಫೋನ್ ಸತ್ತರೆ ಅದೂ ಸತ್ತಿತು, ಪಿಸಿಯ ನೆಟ್‌ವರ್ಕೂ ಹೋಯಿತು. ರಾತ್ರಿ ಬ್ಯಾಕಪ್ ಆಗಬೇಕಾದ ಪಿಸಿ, ಮನೆಯಿಂದ ಅಕೌಂಟೆಂಟ್ ರಿಮೋಟ್‌ನಲ್ಲಿ ಟ್ಯಾಲಿ ತೆರೆಯುವ ಪಿಸಿ, ರಾತ್ರಿ ಅಪ್‌ಡೇಟ್ ತಳ್ಳುವ ಪಿಸಿ ಎಲ್ಲ ಮಾಯ. ಅದೇ ಸ್ವಿಚ್‌ನಲ್ಲಿ ಕ್ಯಾಮೆರಾ, ವೈಫೈ ಆ್ಯಕ್ಸೆಸ್ ಪಾಯಿಂಟ್, ಹಾಜರಾತಿ ಯಂತ್ರ ಕೂಡ ಪಿಒಇ ಮೇಲೆ ಇರಬಹುದು. ಆದ್ದರಿಂದ 1ರಿಂದ 24 ಅಂತ ಸಾರಾಸಗಟಾಗಿ ಹಾಕದೆ, ಪ್ರತಿ ಪೋರ್ಟಿನ ಡಿಸ್ಕ್ರಿಪ್ಷನ್ ಬರೆದುಕೊಂಡು ಆಮೇಲೆ ಹಾಕಿ.

ಫೋನ್ ಆಫ್ ಆದರೆ ಕರೆ ಎಲ್ಲಿ ಹೋಗಬೇಕು ಅಂತಲೂ ಹೇಳಿಡಬೇಕು. ಕಾಲ್ ಮ್ಯಾನೇಜರ್‌ನಲ್ಲಿ ನೋಂದಣಿ ಇಲ್ಲದಾಗಿನ ಫಾರ್ವರ್ಡ್ ಬೇರೆಯೇ ಇದೆ. ಬ್ಯುಸಿ ಇದ್ದಾಗ, ಎತ್ತದಿದ್ದಾಗ ಅಂತ ಮಾತ್ರ ಹಾಕಿ ಬಿಡಬೇಡಿ, ಮಲಗಿದ ಫೋನ್ ಅವೆರಡರಲ್ಲೂ ಬರುವುದಿಲ್ಲ.

ಇನ್ನು ಗಡಿಯಾರ. ವೇಳಾಪಟ್ಟಿ ನಡೆಯುವುದು ಸ್ವಿಚ್ಚಿನ ಗಡಿಯಾರದ ಮೇಲೆ, ನಿಮ್ಮ ಕೈಗಡಿಯಾರದ ಮೇಲಲ್ಲ. ಟೈಮ್ ಝೋನ್ ಹಾಕದಿದ್ದರೆ ಅದು ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ ಇರುತ್ತದೆ. ಬೆಳಿಗ್ಗೆ 8:30ಕ್ಕೆ ಏಳಬೇಕಾದ ಫೋನ್‌ಗಳು ಮಧ್ಯಾಹ್ನ 2ಕ್ಕೆ ಏಳುತ್ತವೆ, ರಾತ್ರಿ ಹನ್ನೊಂದೂವರೆಗೆ ಮಲಗುತ್ತವೆ. ಬ್ಯಾಟರಿ ಗಡಿಯಾರ ಇಲ್ಲದ ಸಿಸ್ಕೋ ಸ್ವಿಚ್‌ಗಳು ಕರೆಂಟ್ ಹೋಗಿ ಬಂದರೆ 1993ರ ಮಾರ್ಚ್ 1, ನಡುರಾತ್ರಿಯಿಂದ ಎಣಿಸಲು ಶುರು ಮಾಡುತ್ತವೆ. ಅದು ಸೋಮವಾರ, ಹಾಗಾಗಿ ಸ್ವಿಚ್ ಪ್ರಕಾರ ಆಫೀಸು ಇನ್ನೂ ತೆರೆದೇ ಇಲ್ಲ! ನೆಟ್‌ವರ್ಕ್ ಮೂಲಕ ಸರ್ವರ್‌ನಿಂದ ಸರಿಯಾದ ಸಮಯ ತರುವ ಎನ್‌ಟಿಪಿ ಹಾಕಿ, ಸ್ವಿಚ್‌ಗೆ ಆ ಸರ್ವರ್ ಸಿಗುತ್ತಿದೆಯಾ ಅಂತ ಖಚಿತ ಮಾಡಿಕೊಂಡ ಮೇಲೆಯೇ ವೇಳಾಪಟ್ಟಿ ಮುಟ್ಟಿ.

ಏಳುವ ಹೊತ್ತನ್ನು ಕೆಲಸ ಶುರುವಾಗುವುದಕ್ಕಿಂತ ಅರ್ಧ ಗಂಟೆ ಮುಂಚೆ ಇಡಿ, ಸ್ವಿಚ್‌ನಿಂದ ಸ್ವಿಚ್‌ಗೆ ಐದು ನಿಮಿಷ ಅಂತರ ಕೊಡಿ. ಎಲ್ಲ ಫೋನ್ ಒಟ್ಟಿಗೆ ಎದ್ದು ಡಿಎಚ್‌ಸಿಪಿಯಿಂದ ಐಪಿ ವಿಳಾಸ ಕೇಳಿ, ಕಾನ್ಫಿಗರೇಷನ್ ಫೈಲ್ ಎಳೆದು, ನೋಂದಣಿಗೆ ನಿಂತರೆ ಸಣ್ಣ ಸರ್ವರ್ ಏದುಸಿರು ಬಿಡುತ್ತದೆ.

2010ರಲ್ಲಿ ಬಂದ 802.3ಎಝಡ್ ಬಗ್ಗೆಯೂ ಪರೀಕ್ಷೆಯಲ್ಲಿ ಕೇಳಬಹುದು. ಡೇಟಾ ಇಲ್ಲದಾಗ ಲಿಂಕ್ ತಾನೇ ಕಮ್ಮಿ ಪವರ್‌ಗೆ ಇಳಿಯುವುದು ಅದು, ಎರಡೂ ತುದಿಯಲ್ಲಿ ಬೆಂಬಲ ಇರಬೇಕು. ಆನ್ ಮಾಡಿ ಬಿಡಿ, ಪಿಒಇಗೂ ಅದಕ್ಕೂ ಸಂಬಂಧ ಇಲ್ಲ.

ಸರ್ಕಾರಿ ಕಚೇರಿಗೆ ಮಾಡುವವರಿಗೆ ಒಂದು ಮಾತು. ನಮ್ಮ ರಾಜ್ಯದಲ್ಲಿ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ವಾರದ ದಿನ ಮಾತ್ರ ಗೊತ್ತಿರುವ ವೇಳಾಪಟ್ಟಿಗೆ ಇದು ಎರಡನೆಯದೋ ಮೂರನೆಯದೋ ತಿಳಿಯುವುದಿಲ್ಲ. ಸ್ಕ್ರಿಪ್ಟ್ ಬರೆದು ತಿಂಗಳ ಎಷ್ಟನೇ ಶನಿವಾರ ಅಂತ ಕಂಡುಹಿಡಿಯಬಹುದು, ತಾರೀಕು 8ರಿಂದ 14 ಅಥವಾ 22ರಿಂದ 28ರ ಒಳಗೆ ಬಂದ ಶನಿವಾರ ಅಂತ ಷರತ್ತು ಹಾಕಿದರೆ ಸಾಕು. ಅಷ್ಟು ತಲೆನೋವು ಬೇಡ ಅಂದರೆ ಎಲ್ಲ ಶನಿವಾರವೂ ಕೆಲಸದ ದಿನ ಅಂತಲೇ ಬಿಡಿ. ತಿಂಗಳಿಗೆ ಎರಡು ಹಗಲು ಫೋನ್ ಸುಮ್ನೆ ಉರಿದರೆ, ಫೋನಿಗೆ ನೂರು ವಾಟ್-ಅವರ್‌ ಕೂಡ ದಾಟುವುದಿಲ್ಲ.