ಗಾಯಕ್ಕೆ ಏನು ಹಚ್ಚಬೇಕು?

ಗಾಯಕ್ಕೆ ಏನು ಹಚ್ಚಬೇಕೆಂದು ಕೇಳಿದರೆ ಉತ್ತರ ಕನ್ನಡ ಜಿಲ್ಲೆಯಲ್ಲಿ ಮನೆಗೊಂದು ಉತ್ತರ ಸಿಗುತ್ತದೆ. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿ ಬೆರಳು ಕೊಯ್ದರೆ ಶಿರಸಿ ಕಡೆ ಅರಿಶಿನ, ಇಲ್ಲವೇ ತುಡುವೆ ಜೇನುತುಪ್ಪ. ಕಾರವಾರದಲ್ಲಿ ಮೀನಿನ ಮುಳ್ಳು ಚುಚ್ಚಿದರೆ ಸಮುದ್ರದ ಉಪ್ಪುನೀರೇ ಮದ್ದು ಎನ್ನುವವರಿದ್ದಾರೆ. ಮದ್ದು ಯಾವುದೇ ಇರಲಿ, ಹಿರಿಯರ ಕೊನೆಯ ಮಾತು ಎಲ್ಲೆಡೆ ಒಂದೇ: ಗಾಳಿಗೆ ಬಿಡು, ಒಣಗಲಿ.

ವೈದ್ಯರೂ ಬಹುಕಾಲ ಹಾಗೆಯೇ ನಂಬಿದ್ದರು. 1962ರಲ್ಲಿ ಬ್ರಿಟನ್ನಿನ ಜಾರ್ಜ್ ವಿಂಟರ್ ಹಂದಿಗಳ ಮೈಮೇಲೆ ತೆಳುವಾದ ಗಾಯಗಳನ್ನು ಮಾಡಿ, ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿದರು, ಕೆಲವನ್ನು ಗಾಳಿಗೆ ಬಿಟ್ಟರು. ಮುಚ್ಚಿದ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತು. ಮರುವರ್ಷ ಅಮೆರಿಕದಲ್ಲಿ ಮನುಷ್ಯರ ಮೇಲೆ ನಡೆದ ಪ್ರಯೋಗವೂ ಇದನ್ನೇ ಹೇಳಿತು. ಗಾಯದ ಅಂಚಿನಿಂದಲೂ ಕೂದಲಿನ ಬುಡದಿಂದಲೂ ಹೊರಡುವ ಚರ್ಮದ ಜೀವಕೋಶಗಳು ತೇವವಿದ್ದಲ್ಲಿ ಸಲೀಸಾಗಿ ತೆವಳುತ್ತವೆ. ಒಣಗಿದ ಹಕ್ಕಳೆ ಅವುಗಳ ಪಾಲಿಗೆ ದಾರಿಗೆ ಅಡ್ಡ ಬಿದ್ದ ಮರ. ಅದರ ಅಡಿಯಲ್ಲಿ ಕೊರೆದುಕೊಂಡು ಸಾಗಬೇಕು. ಇಂದಿನ ಹಲವು ಬಗೆಯ ಪಟ್ಟಿಗಳು ಹುಟ್ಟಿದ್ದು ಈ ತಿಳಿವಳಿಕೆಯಿಂದ.

ಇನ್ನು ಜೇನಿನ ವಿಚಾರ. 1991ರಲ್ಲಿ ಸೊಲ್ಲಾಪುರದ ವೈದ್ಯ ಎಂ. ಸುಬ್ರಹ್ಮಣ್ಯಂ ಸುಟ್ಟಗಾಯಗಳಿಗೆ ಜೇನು ಹಚ್ಚಿ, ಆಗ ಬಳಕೆಯಲ್ಲಿದ್ದ ಬೆಳ್ಳಿಯ ಮುಲಾಮಿನೊಂದಿಗೆ ಹೋಲಿಸಿದರು, ಜೇನು ಗೆದ್ದಿತು. 2015ರಲ್ಲಿ ಕಾಕ್ರೇನ್ ಸಂಸ್ಥೆ ಜಗತ್ತಿನ ಇಂತಹ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದಾಗ, ಚರ್ಮದ ಪೂರ್ತಿ ಆಳಕ್ಕೆ ಇಳಿಯದ ಸುಟ್ಟಗಾಯಗಳಲ್ಲಿ ಜೇನಿನ ಗುಣ ನಿಂತಿತು. ಸಿರೆಯ ತೊಂದರೆಯಿಂದ ಕಾಲಿನಲ್ಲಾಗುವ ಹುಣ್ಣಿನಲ್ಲಿ ನಿಲ್ಲಲಿಲ್ಲ. ಹಾಗೆಂದು ಅಡುಗೆಮನೆಯ ಬಾಟಲಿಗೆ ಕೈ ಹಾಕಬೇಡಿ. ಆಸ್ಪತ್ರೆಯಲ್ಲಿ ಬಳಸುವ ಜೇನಿಗೆ ಗಾಮಾ ಕಿರಣ ಹಾಯಿಸಿ, ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳನ್ನು ಕೊಂದಿರುತ್ತಾರೆ. ನಮ್ಮ ಅರಿಶಿನವಂತೂ ಪ್ರಯೋಗಾಲಯದಲ್ಲಿ ಗಳಿಸಿದಷ್ಟು ಅಂಕಗಳನ್ನು ರೋಗಿಗಳ ಮೇಲಿನ ಪರೀಕ್ಷೆಗಳಲ್ಲಿ ಇನ್ನೂ ಗಳಿಸಿಲ್ಲ.

ನನಗೆ ಹೆಚ್ಚು ಇಷ್ಟವಾದದ್ದು ಬಾಳೆ ಎಲೆಯ ಕಥೆ. 2003ರಲ್ಲಿ ಮುಂಬಯಿಯ ಗೋರೆ ಮತ್ತು ಅಕೋಲೇಕರ್ ಎಂಬ ವೈದ್ಯರು, ನಾವು ಊಟಕ್ಕೆ ಹಾಸುವ ಎಲೆಯನ್ನೇ ಬಟ್ಟೆಗೆ ಅಂಟಿಸಿ, ಆವಿಯಲ್ಲಿ ಕ್ರಿಮಿರಹಿತಗೊಳಿಸಿ ಸುಟ್ಟಗಾಯಕ್ಕೆ ಹೊದಿಸಿದರು. ಎಲೆಯ ನುಣುಪಾದ ಮೈ ಗಾಯಕ್ಕೆ ಅಂಟದು, ತೇವವನ್ನೂ ಆರಲು ಬಿಡದು. ಹೀಗಾಗಿ ಪಟ್ಟಿ ಬದಲಿಸುವಾಗ ರೋಗಿ ಚೀರುವುದು ತಪ್ಪಿತು. ಬ್ರೆಜಿಲ್‌ನ ಫೋರ್ಟಲೇಜಾ ನಗರದಲ್ಲಿ ಇದೇ ಕೆಲಸವನ್ನು ಶುದ್ಧೀಕರಿಸಿದ ತಿಲಾಪಿಯಾ ಮೀನಿನ ಚರ್ಮ ಮಾಡುತ್ತಿದೆ, ಐಸ್‌ಲ್ಯಾಂಡ್‌ನಲ್ಲಿ ಕಾಡ್ ಮೀನಿನದು. ಕಾರವಾರದ ಬೈತಖೋಲ ಬಂದರಿನ ಬಂಗಡೆಗೆ ಆ ಭಾಗ್ಯ ಸದ್ಯಕ್ಕಿಲ್ಲ.

ದುಬಾರಿ ಉಪಕರಣಗಳೆಲ್ಲ ಇಂತಹ ಪರೀಕ್ಷೆಯಲ್ಲಿ ಪಾಸಾಗುತ್ತವೆಂದೇನಿಲ್ಲ. ಗಾಯದ ಮೇಲಿನ ಗಾಳಿಯನ್ನು ಹೀರುವ ಯಂತ್ರವನ್ನು ಬ್ರಿಟನ್ನಿನಲ್ಲಿ, ಮೂಳೆ ಮುರಿದು ಕಾಲಿಗೆ ತೆರೆದ ಗಾಯವಾಗಿದ್ದ 460 ಮಂದಿಯಲ್ಲಿ ಸಾದಾ ಪಟ್ಟಿಯೊಂದಿಗೆ ಹೋಲಿಸಿದರು. 2018ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ, ಒಂದು ವರ್ಷದ ಬಳಿಕ ಎರಡೂ ಗುಂಪುಗಳ ಸ್ಥಿತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಭಾರತವೂ ಸೇರಿ ಏಳು ದೇಶಗಳ 81 ಆಸ್ಪತ್ರೆಗಳಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 13,301 ರೋಗಿಗಳ ಮೇಲೆ ತೀರಾ ಸರಳವಾದ ಒಂದು ಉಪಾಯವನ್ನು ಪರೀಕ್ಷಿಸಲಾಯಿತು: ಹೊಲಿಗೆ ಹಾಕುವ ಮುನ್ನ ಕೈಗವಸು ಮತ್ತು ಉಪಕರಣಗಳನ್ನು ಬದಲಿಸುವುದು. ಗಾಯಕ್ಕೆ ಸೋಂಕು ತಗಲುವ ಪ್ರಮಾಣ ಶೇ. 18.9ರಿಂದ ಶೇ. 16ಕ್ಕೆ ಇಳಿಯಿತು. 2022ರಲ್ಲಿ ಪ್ರಕಟವಾದ ಈ ಅಧ್ಯಯನ ಯಾವ ತಾಲ್ಲೂಕು ಆಸ್ಪತ್ರೆಗೂ ನಾಳೆಯೇ ಉಪಯೋಗಕ್ಕೆ ಬರುವಂಥದ್ದು.

ಆದರೆ ಏನು ಹಚ್ಚಿದರೂ ಮಾಯದ ಗಾಯವೊಂದಿದೆ, ಸಕ್ಕರೆ ಕಾಯಿಲೆಯವರ ಅಂಗಾಲಿನ ಹುಣ್ಣು. ನರಗಳು ಸೋತು ನೋವೇ ಗೊತ್ತಾಗದಿರುವುದರಿಂದ, ಬರಿಗಾಲಿನಲ್ಲಿ ತೋಟ ತಿರುಗುವವರು ಹುಣ್ಣಿನ ಮೇಲೆಯೇ ದಿನವಿಡೀ ನಡೆಯುತ್ತಾರೆ. ಕುಷ್ಠರೋಗಿಗಳ ಪಾದಗಳಲ್ಲಿ ಇದೇ ಸಂಕಟವನ್ನು ಕಂಡ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ವೆಲ್ಲೂರಿನಲ್ಲಿ ಅವರ ಕಾಲಿಗೆ ಪ್ಲಾಸ್ಟರ್ ಹಾಕುತ್ತಿದ್ದರು. ಭಾರ ಇಡೀ ಕಾಲಿಗೆ ಹಂಚಿಹೋಗಿ ಹುಣ್ಣು ಮಾಯುತ್ತಿತ್ತು. 2001ರಲ್ಲಿ ಅಮೆರಿಕದ ಡೇವಿಡ್ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯವರಲ್ಲಿ ಇದನ್ನು ಪರೀಕ್ಷಿಸಿದಾಗ, 12 ವಾರಗಳಲ್ಲಿ ಪ್ಲಾಸ್ಟರ್ ಹಾಕಿದವರ ಪೈಕಿ ಸುಮಾರು ಶೇ. 90 ಮಂದಿಯ ಹುಣ್ಣು ಮಾಯಿತು. ಹುಣ್ಣಿನ ಮೇಲಿನ ಭಾರ ತಗ್ಗಿಸುವ, ಆದರೆ ಬೇಕೆಂದಾಗ ಬಿಚ್ಚಬಹುದಾದ ಬೂಟು ಧರಿಸಿದವರಲ್ಲಿ ಶೇ. 65. ಕಾರಣ ಮುಂದಿನ ಅಧ್ಯಯನದಲ್ಲಿ ಬಯಲಾಯಿತು. ಹೆಜ್ಜೆ ಎಣಿಸುವ ಸಾಧನವನ್ನು ಸೊಂಟಕ್ಕೊಂದು, ಬೂಟಿನೊಳಗೆ ಗುಟ್ಟಾಗಿ ಇನ್ನೊಂದು ಇಟ್ಟು ನೋಡಿದರೆ, ರೋಗಿಗಳು ತಮ್ಮ ಒಟ್ಟು ಓಡಾಟದ ಶೇ. 28ರಷ್ಟರಲ್ಲಿ ಮಾತ್ರ ಬೂಟು ಹಾಕಿಕೊಂಡಿದ್ದರು. ಆಮೇಲೆ ಅದೇ ಬೂಟಿನ ಸುತ್ತ ಬಿಚ್ಚಲಾಗದಂತೆ ಪಟ್ಟಿ ಬಿಗಿದರು. ಹೆಚ್ಚು ಮಂದಿಯ ಹುಣ್ಣು ಮಾಯಿತು.

ಅಡಿಕೆ ಕೊನೆ ಕೊಯ್ಲಿನ ಹೊತ್ತಿನಲ್ಲಿ, ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಸಿಕ್ಕಿದ್ದೇ ಪುಣ್ಯ ಎನ್ನುವ ದಿನಗಳಲ್ಲಿ, ತೋಟಕ್ಕೆ ಇಳಿಯಬೇಡಿ ಎಂದರೆ ಶಿರಸಿಯ ಯಜಮಾನರೂ ಕೇಳುವವರಲ್ಲ. ಅವರಿಗೂ ಬಿಚ್ಚಲು ಬಾರದ ಪ್ಲಾಸ್ಟರೇ ಸರಿ.