ಮಗಳ ಮಿಸ್‌ಗೆ ಏನು ಕೊಡೋಣ?

ಪ್ರಶ್ನೆ: ನನ್ನ ಮಗಳು ಎರಡನೇ ತರಗತಿಯಲ್ಲಿದ್ದಾಳೆ. ಅವಳ ಮಿಸ್ ತುಂಬಾ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಶಿಕ್ಷಕರ ದಿನಕ್ಕೆ ಏನಾದರೂ ಕೊಡಬೇಕು ಅಂತ ಆಸೆ. ವಾಟ್ಸ್ಆಪ್ ಗುಂಪಿನಲ್ಲಿ ಕೆಲವರು ಸೀರೆ ಅಂತಿದ್ದಾರೆ, ಕೆಲವರು ಬೆಳ್ಳಿ ನಾಣ್ಯ ಅಂತಿದ್ದಾರೆ. ನಮಗೆ ಅಷ್ಟು ಆಗಲ್ಲ. 300–400 ರೂಪಾಯಿಯೊಳಗೆ ಏನು ಕೊಟ್ಟರೆ ಅವರಿಗೆ ನಿಜವಾಗಿ ಖುಷಿಯಾಗುತ್ತದೆ?

ಉತ್ತರ: ಮೊದಲು ಒಂದು ಪತ್ರ ಬರೆಯಿರಿ. ಅದಕ್ಕೆ ಖರ್ಚೇ ಇಲ್ಲ, ಆದರೆ ಮಿಸ್ ವರ್ಷಗಟ್ಟಲೆ ಎತ್ತಿಟ್ಟುಕೊಳ್ಳುವುದು ಅದನ್ನೇ. ಉಡುಗೊರೆ ಆಮೇಲಿನ ಮಾತು.

ಪತ್ರ ಅಂದರೆ ‘ನೀವು ತುಂಬಾ ಒಳ್ಳೆಯ ಟೀಚರ್, ಧನ್ಯವಾದಗಳು’ ಅನ್ನುವ ಎರಡು ಸಾಲಲ್ಲ. ಅಂಥದ್ದು ಅಂಗಡಿಯ ಕಾರ್ಡಿನಲ್ಲೇ ಅಚ್ಚಾಗಿರುತ್ತದೆ. ನೀವು ಕಣ್ಣಾರೆ ಕಂಡ ಒಂದೇ ಒಂದು ಸಂಗತಿ ಬರೆಯಿರಿ. ಉದಾಹರಣೆಗೆ ಹೀಗೆ: ‘ಮಿಸ್, ಜೂನ್‌ನಲ್ಲಿ ಒತ್ತಕ್ಷರ ಅಂದರೆ ಇವಳು ಪುಸ್ತಕ ಮುಚ್ಚಿಟ್ಟು ಅಳುತ್ತಿದ್ದಳು. ನೀವು ಪಕ್ಕದಲ್ಲಿ ಕೂರಿಸಿಕೊಂಡು ಮರಳಿನ ಮೇಲೆ ಬರೆಸಿದಿರಂತೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕಬಳ್ಳಾಪುರ ಅಂತ ಬೋರ್ಡನ್ನು ಅವಳೇ ಓದಿದಳು. ನಾವು ಹೇಳಿಕೊಟ್ಟಿರಲಿಲ್ಲ.’ ಇಷ್ಟು ಸಾಕು. ನಲವತ್ತು ಮಕ್ಕಳ ನಡುವೆ ತಾನು ಮಾಡಿದ ಕೆಲಸವನ್ನು ಒಬ್ಬರಾದರೂ ಗಮನಿಸಿದರಲ್ಲ ಅನ್ನುವುದು ಅವರಿಗೆ ದೊಡ್ಡದು. ಕೆಳಗೆ ಮಗಳೇ ಒಂದು ಸಾಲು ಬರೆಯಲಿ. ತಪ್ಪಿದ್ದರೂ ಪರವಾಗಿಲ್ಲ, ನೀವು ತಿದ್ದಬೇಡಿ.

ಸಾಧ್ಯವಾದರೆ ಇದೇ ಮಾತನ್ನು ಮುಖ್ಯ ಶಿಕ್ಷಕರಿಗೂ ಬರೆದು ಕೊಡಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಪೋಷಕರೂ ಇರುವ ಶಾಲೆಯ ಉಸ್ತುವಾರಿ ಸಮಿತಿ) ಸಭೆಯಲ್ಲಿ ಎದ್ದು ನಿಂತು ಹೇಳಿ. ದೂರು ಹೇಳಲು ಎಲ್ಲರೂ ಹೋಗುತ್ತಾರೆ. ಮೆಚ್ಚಿಗೆ ಹೇಳಲು ಹೋಗುವವರು ಕಡಿಮೆ, ಅಲ್ವಾ?

ಸೆಪ್ಟೆಂಬರ್ 5ರ ಹಿಂದಿರುವ ವ್ಯಕ್ತಿಗೂ ನಮ್ಮ ಮೈಸೂರಿಗೂ ನಂಟಿದೆ. ರಾಧಾಕೃಷ್ಣನ್ 1918ರಿಂದ 1921ರವರೆಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಗಾಡಿಯನ್ನು ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು ಅನ್ನುವುದು ಮೈಸೂರಿನಲ್ಲಿ ಇಂದಿಗೂ ಹೇಳುವ ಕತೆ. ಅವರು ರಾಷ್ಟ್ರಪತಿಯಾದ 1962ರಿಂದ ಅವರ ಹುಟ್ಟುಹಬ್ಬವೇ ಶಿಕ್ಷಕರ ದಿನವಾಯಿತು.

ಇನ್ನು ಪತ್ರದ ಜೊತೆ ಏನಿಡಬಹುದು?

ಮಿಸ್‌ನ ದಿನ ಹೇಗಿರುತ್ತದೆ ಅಂತ ಒಮ್ಮೆ ನೋಡಿ. ಬೆಳಗ್ಗಿನಿಂದ ಸಂಜೆವರೆಗೆ ಮಾತು. ಗಂಟಲು ಕಟ್ಟುವುದು ಮಾಮೂಲು. ಹಾಗಾಗಿ ಮನೆಯಲ್ಲಿ ಮಾಡಿದ ಕಷಾಯದ ಪುಡಿ ನನ್ನ ಮೊದಲ ಆಯ್ಕೆ. ಧನಿಯ, ಜೀರಿಗೆ, ಕಾಳುಮೆಣಸು, ಒಣಶುಂಠಿ, ಒಂದೆರಡು ಏಲಕ್ಕಿ. ಧನಿಯ, ಜೀರಿಗೆ ಜಾಸ್ತಿ ಇರಲಿ, ಮೆಣಸು ಹಿಡಿತದಲ್ಲಿರಲಿ. ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ಪುಡಿ ಮಾಡಿ ಗಾಜಿನ ಬಾಟಲಿಗೆ ತುಂಬಿ. ಬಿಸಿ ಇದ್ದಾಗ ಮುಚ್ಚಳ ಹಾಕಿದರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ. ಏನೇನು ಹಾಕಿದ್ದೀರಿ, ಯಾವತ್ತು ಮಾಡಿದ್ದು ಅಂತ ಚೀಟಿ ಅಂಟಿಸಿ. ಯಾರಿಗಾದರೂ ಯಾವುದಾದರೂ ಒಗ್ಗದೇ ಇರಬಹುದು.

ಕೆಂಪು ಇಂಕಿನ ಪೆನ್ನುಗಳೂ ಒಳ್ಳೆಯದು. ಕಾಪಿ ತಿದ್ದುವವರ ಕೈಯಲ್ಲಿ ಅವು ಬೇಗ ಮುಗಿಯುತ್ತವೆ. ಚನ್ನಪಟ್ಟಣದ ಅರಗಿನ ಬಣ್ಣದ ಪೆನ್‌ಸ್ಟ್ಯಾಂಡ್‌ನಲ್ಲಿಟ್ಟು ಕೊಟ್ಟರೆ ಮೇಜಿನ ಮೇಲೆ ಅಂದವಾಗಿಯೂ ಇರುತ್ತದೆ. ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಹೊಲಿದ ಸಣ್ಣ ಚೀಲ ಸಿಕ್ಕರೆ ಅದೂ ಚೆಂದ, ಕನ್ನಡಕಕ್ಕೋ ಚಿಲ್ಲರೆಗೋ ಆಗುತ್ತದೆ.

ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯಾದರೆ ಇನ್ನೊಂದು ದಾರಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಅಂಥ ಕೊಠಡಿಗೆ ಚಾರ್ಟ್ ಹಾಳೆ, ಸ್ಕೆಚ್ ಪೆನ್ನು, ಗಮ್ ಎಷ್ಟಿದ್ದರೂ ಸಾಲದು. ಎಷ್ಟೋ ಶಿಕ್ಷಕರು ಇಂಥವನ್ನು ಸ್ವಂತ ದುಡ್ಡಿನಲ್ಲಿ ತರುತ್ತಾರೆ. ಹಾಗಾಗಿ ‘ತರಗತಿಗೆ ಏನು ಬೇಕು ಮಿಸ್?’ ಅಂತ ನೇರವಾಗಿ ಕೇಳಿಬಿಡಿ. ಮಕ್ಕಳ ಕತೆಪುಸ್ತಕ ಒಂದೆರಡು ತಂದುಕೊಟ್ಟರೆ ಇಡೀ ತರಗತಿ ಓದುತ್ತದೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ಕನ್ನಡ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ.

‘ಬೆಸ್ಟ್ ಟೀಚರ್’ ಮಗ್ ಬೇಡ, ಅವರ ಮನೆಯಲ್ಲಿ ಈಗಾಗಲೇ ಸಾಲಾಗಿ ನಿಂತಿರುತ್ತವೆ. ಬ್ಲೌಸ್ ಪೀಸೂ ಬೇಡ. ಅದು ಅರಿಶಿನ ಕುಂಕುಮದ ಜೊತೆ ಇನ್ನೊಂದು ಮನೆಗೆ ಹೋಗುತ್ತದೆ, ಅಷ್ಟೇ.

ಸೀರೆ, ಬೆಳ್ಳಿ, ದುಡ್ಡು, ಗಿಫ್ಟ್ ಕಾರ್ಡ್ ಬೇಡವೇ ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಸರ್ಕಾರಿ ಶಾಲೆಯ ಶಿಕ್ಷಕರು ಸರ್ಕಾರಿ ನೌಕರರು. ಉಡುಗೊರೆ ತೆಗೆದುಕೊಳ್ಳುವ ಬಗ್ಗೆ ಅವರಿಗೆ ನಡತೆ ನಿಯಮಗಳಿವೆ. ಖಾಸಗಿ ಶಾಲೆಗಳಲ್ಲೂ ಎಷ್ಟೋ ಕಡೆ ‘ಉಡುಗೊರೆ ತರಬೇಡಿ’ ಅಂತ ಸುತ್ತೋಲೆ ಬರುತ್ತದೆ. ನಿಯಮವಿಲ್ಲದಿದ್ದರೂ ಒಂದು ಮಗುವಿನ ಮನೆಯಿಂದ ದುಬಾರಿ ವಸ್ತು ಬಂದರೆ ಮಿಸ್‌ಗೆ ಮುಜುಗರ. ನಾಳೆ ಆ ಮಗುವಿಗೆ ಒಳ್ಳೆಯ ಅಂಕ ಕೊಟ್ಟರೂ ಜನ ಬೇರೆ ಅರ್ಥ ಕಟ್ಟುತ್ತಾರೆ. ಕೊಡಲಾಗದ ಮನೆಯ ಮಗು ಸುಮ್ನೆ ನೋಡುತ್ತಾ ಕೂರುತ್ತದೆ. ಈ ಕೊನೆಯದು ನನಗೆ ಎಲ್ಲಕ್ಕಿಂತ ಜಾಸ್ತಿ ನೋಯಿಸುತ್ತದೆ.

ಹಾಗಾಗಿ ಗುಂಪಿನಲ್ಲಿ ಹೀಗೆ ಹೇಳಿ ನೋಡಿ: ‘ಇಷ್ಟೇ ಕೊಡಬೇಕು ಅಂತ ಬೇಡ. ಕೊಡುವವರು ಕೊಡಲಿ, ಯಾರು ಎಷ್ಟು ಕೊಟ್ಟರು ಅಂತ ಪಟ್ಟಿ ಹಾಕುವುದು ಬೇಡ. ಕಾರ್ಡಿನಲ್ಲಿ ಮಾತ್ರ ಎಲ್ಲ ಮಕ್ಕಳ ಹೆಸರೂ ಇರಲಿ.’ ನಿಮ್ಮ ಹಾಗೆಯೇ ‘ನಮಗೆ ಅಷ್ಟು ಆಗಲ್ಲ’ ಅಂದುಕೊಂಡವರು ಅಲ್ಲಿ ಇನ್ನೂ ಇರುತ್ತಾರೆ. ಯಾರಾದರೊಬ್ಬರು ಮೊದಲು ಬಾಯಿ ಬಿಡಬೇಕು.

ಸೆಪ್ಟೆಂಬರ್‌ನಲ್ಲೇ ಕೊಡಬೇಕೆಂದೂ ಇಲ್ಲ. ಏಪ್ರಿಲ್‌ನಲ್ಲಿ ಫಲಿತಾಂಶ ಬಂದ ದಿನ ಕೊಟ್ಟರೆ ಯಾರಿಗೂ ಅನುಮಾನವಿಲ್ಲ, ಬರೆಯಲು ನಿಮಗೆ ಇಡೀ ವರ್ಷದ ಮಾತೂ ಇರುತ್ತದೆ. ಆವತ್ತು ಮಗಳ ಕೈಯಲ್ಲಿ ತರಗತಿಯ ಆಯಾಗೂ, ಬಿಸಿಯೂಟ ಬಡಿಸುವ ಅಮ್ಮನಿಗೂ ಒಂದೊಂದು ಚಿಕ್ಕ ಕಾರ್ಡು ಕೊಡಿಸಿ. ಅವರನ್ನು ನೆನೆಯುವವರು ಇನ್ನೂ ಕಡಿಮೆ.

ಮಿಸ್ ‘ಏನೂ ಬೇಡ’ ಅಂದರೆ ಒತ್ತಾಯ ಮಾಡಬೇಡಿ. ಪುಡಿ ಬಾಟಲಿ ವಾಪಸ್ ತನ್ನಿ, ಪತ್ರವನ್ನು ಅವರಲ್ಲೇ ಬಿಟ್ಟು ಬನ್ನಿ.